ನೀವು ಕೇಳಿದಿರಿ: ಹೌಗೆನ್ ಎಂಬ ಅಡ್ಡಹೆಸರು

ಪ್ರಶ್ನೆ: ಮಗನ ಕಂಪನಿಯ ನಾರ್ವೆ ಶಾಖೆಯಲ್ಲಿ ‘ಹೌಗೆನ್’ ಅಡ್ಡಹೆಸರಿನವರು ಇಬ್ಬರಿದ್ದಾರೆ. ಬಂಧುಗಳಲ್ಲವಂತೆ. ನಮ್ಮ ಹುನಗುಂದ, ಬೀಳಗಿಯ ಹಾಗೆ ಇದೂ ಊರ ಹೆಸರೇ?
— ಓದುಗರು, ಇಳಕಲ್ಲ

ಉತ್ತರ: ಊರಿನದಲ್ಲ, ಹೊಲಮನೆಯದು. ‘ಹೌಗ್’ ಅಂದರೆ ದಿಬ್ಬ. ಹಿಂದಿನವರ ಸಮಾಧಿಯ ಮಣ್ಣುಗುಡ್ಡೆಗೂ ಇದೇ ಮಾತು. ‘ಎನ್’ ಬರೀ ಪ್ರತ್ಯಯ, ಇಂಥದೇ ದಿಬ್ಬ ಎಂದು ಗುರುತಿಸಲಿಕ್ಕೆ. ಗುಡ್ಡಗಾಡಿನ ದೇಶವಾದ್ದರಿಂದ ಹೌಗೆನ್ ಹೆಸರಿನ ಹೊಲಮನೆಗಳು ನಾರ್ವೆಯ ತುಂಬ ಇವೆ. ಒಂದೇ ಅಡ್ಡಹೆಸರು ಕಂಡ ಮಾತ್ರಕ್ಕೆ ಬಂಧುತ್ವ ಹೇಳಲಾಗದು.

ನಮ್ಮ ಪದ್ಧತಿಗೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೀಳಗಿ ಬಿಟ್ಟು ಬಾಗಲಕೋಟೆಗೆ ಬಂದವರು ‘ಬೀಳಗಿ’ ಆಗುತ್ತಾರೆ, ಅಂದರೆ ಬಿಟ್ಟುಬಂದ ಊರು ಬೆನ್ನಿಗೆ ಅಂಟಿಕೊಳ್ಳುತ್ತದೆ. ನಾರ್ವೆಯಲ್ಲಿ ಮೊದಲು ಹೊಲಮನೆಯ ಹೆಸರು ಸದ್ಯದ ವಿಳಾಸವಾಗಿತ್ತು. ಹಾನ್ಸ್‌ನ ಮಗ ಊಲೆ ಹೌಗೆನ್‌ನಲ್ಲಿದ್ದಾಗ ‘ಊಲೆ ಹಾನ್ಸೆನ್ ಹೌಗೆನ್’. ಬಕ್ಕೆನ್ ಹೊಲಮನೆಗೆ ಹೋದರೆ ‘ಊಲೆ ಹಾನ್ಸೆನ್ ಬಕ್ಕೆನ್’. ಆಳಾಗಿ ದುಡಿಯಲು ಬಂದವನಿಗೂ ಅದೇ ಹೆಸರು ಹತ್ತುತ್ತಿತ್ತು. ಪ್ರತಿ ಮನೆತನಕ್ಕೆ ವಂಶಪಾರಂಪರ್ಯದ ಒಂದೇ ಅಡ್ಡಹೆಸರು ಇರಬೇಕೆಂದು ಕಾನೂನು ಬಂದದ್ದು 1923ರಲ್ಲಿ. ಆಗಲೂ ಕೆಲವರು ಹೊಲಮನೆಯ ಹೆಸರು ಹಿಡಿದರು, ಕೆಲವರು ‘ಹಾನ್ಸೆನ್’ ಉಳಿಸಿಕೊಂಡರು.

ವಂಶಾವಳಿ ಹುಡುಕುವವರು ತಪ್ಪುವುದು ಇಲ್ಲಿಯೇ: ಅಡ್ಡಹೆಸರೊಂದನ್ನೇ ಹಿಡಿದು ಹೊರಟರೆ ಬೇರೆಯವರ ಅಜ್ಜ ಸಿಗುತ್ತಾನೆ. ಸ್ವಂತ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಚರ್ಚಿನ ವಲಯ, ಇವಿಷ್ಟೂ ಕೈಯಲ್ಲಿರಬೇಕು. ನಾರ್ವೆಯ ರಾಷ್ಟ್ರೀಯ ದಾಖಲೆಗಾರದ ಜಾಲತಾಣ ‘ಡಿಜಿಟಾಲ್‌ಆರ್ಕಿವೆಟ್’ನಲ್ಲಿ 1801, 1865, 1900, 1910ರ ಜನಗಣತಿಗಳನ್ನೂ ಚರ್ಚಿನ ಪುಸ್ತಕಗಳನ್ನೂ ಪುಕ್ಕಟೆ ನೋಡಬಹುದು. ಹೆಣ್ಣುಮಕ್ಕಳನ್ನು ಹಳೆಯ ದಾಖಲೆಗಳಲ್ಲಿ ‘ಹಾನ್ಸ್‌ದಾತರ್’ (ಹಾನ್ಸ್‌ನ ಮಗಳು) ಎಂದು ಹುಡುಕಿ. ಮದುವೆಯಾದ ಮೇಲೂ ತಂದೆಯ ಹೆಸರೇ ನಡೆಯುತ್ತಿದ್ದುದರಿಂದ ಗಂಡನ ಹೆಸರಿನಡಿ ಹುಡುಕಿದರೆ ಸಿಗುವುದು ಕಷ್ಟ.

ಪ್ರಶ್ನೆ: ‘ಸೆನ್’, ‘ಸನ್’ ನೋಡಿ ದೇಶ ಹೇಳಬಹುದೇ?
— ಓದುಗರು, ಮುಧೋಳ

ಉತ್ತರ: ಅಂದಾಜಿಗೆ ಸಾಕು. ನೀಲ್ಸೆನ್, ಯೆನ್ಸೆನ್ ಎಂದು ‘ಸೆನ್’ ಬಂದರೆ ಡೆನ್ಮಾರ್ಕ್ ಇಲ್ಲವೆ ನಾರ್ವೆ. ಆಂಡರ್ಸನ್ ಎಂಬಲ್ಲಿ ಎರಡು ‘ಎಸ್’ ಇದ್ದರೆ ಹೆಚ್ಚಾಗಿ ಸ್ವೀಡನ್. ಅಮೆರಿಕಕ್ಕೆ ವಲಸೆ ಹೋದವರಲ್ಲಿ ಹಲವರು ಕಾಗುಣಿತ ಬದಲಿಸಿಕೊಂಡಿದ್ದಾರೆ, ಅಲ್ಲಿನ ‘ಹ್ಯಾನ್ಸನ್’ ಯಾವ ದೇಶದವನೂ ಆಗಬಹುದು. ಐಸ್‌ಲ್ಯಾಂಡಿನದು ಬೇರೆಯೇ ಲೆಕ್ಕ: ಅಲ್ಲಿ ಇಂದಿಗೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಎಯ್ನರ್‌ನ ಮಗ ಎಯ್ನರ್ಸನ್, ಮಗಳು ಎಯ್ನರ್ಸ್‌ದೊತ್ತಿರ್. ಹಾಗಾಗಿ ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಜನರನ್ನು ಹುಡುಕುವುದು ಸ್ವಂತ ಹೆಸರಿನ ಮೇಲೆ.