ಇಂಡೊನೇಷ್ಯಾದ ಜಾವಾದಲ್ಲಿ ಭತ್ತ ಕೊಯ್ಯುವ ಅನಿ-ಅನಿ ಕತ್ತಿ ಹೋಗಿ ಕುಡುಗೋಲು ಬಂದಾಗ ಹೆಂಗಸರ ಗಳಿಕೆ ಏಕೆ ಕುಸಿಯಿತು?

ಕುಡುಗೋಲಿನ ಜೊತೆಗೆ ಕೊಯ್ಲಿನ ಹಕ್ಕೂ ಕೈಬದಲಾಯಿತು, ಅದಕ್ಕೇ.

ಅನಿ-ಅನಿ ಅಂದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕತ್ತಿ: ಮರದ ತುಂಡಿಗೆ ಕೂರಿಸಿದ ಅಲಗು, ಅಡ್ಡಕ್ಕೊಂದು ಬಿದಿರಿನ ಹಿಡಿ. ಬೆರಳಿನಿಂದ ತೆನೆಯನ್ನು ಅಲಗಿಗೆ ಎಳೆದು ಒಂದೊಂದಾಗಿ ಕೊಯ್ಯಬೇಕು. ನಿಧಾನ, ನಿಜ. ಆದರೆ ಹಳೆಯ ನಾಟಿ ತಳಿಗಳು ಒಂದೇ ಎತ್ತರಕ್ಕೆ ಬೆಳೆಯುತ್ತಿರಲಿಲ್ಲ, ಒಟ್ಟಿಗೆ ಮಾಗುತ್ತಲೂ ಇರಲಿಲ್ಲ. ಮಾಗಿದ್ದನ್ನಷ್ಟೇ ಆರಿಸಿ, ಒಳ್ಳೆಯ ತೆನೆಯನ್ನು ಬೀಜಕ್ಕೆ ಎತ್ತಿಡಲು ಇದೇ ಸರಿ. ಆ ಪಳಗಿದ ಕಣ್ಣು ಹೆಂಗಸರದು. (ಅಲಗು ಕಂಡರೆ ಭತ್ತದ ದೇವತೆ ದೇವಿ ಶ್ರೀ ಬೆದರುತ್ತಾಳೆ, ಅದಕ್ಕೇ ಮುಚ್ಚಿ ಹಿಡಿಯುವುದು ಎಂಬ ನಂಬಿಕೆಯೂ ಇತ್ತು.)

ಇದಕ್ಕೆ ಕೂಲಿ ದುಡ್ಡಲ್ಲ, ‘ಬಾವೋನ್’, ಅಂದರೆ ಕೊಯ್ದ ಭತ್ತದಲ್ಲೇ ಒಂದು ಪಾಲು. ಕೊಯ್ಲಿಗೆ ಬಂದ ಊರಿನ ಹೆಂಗಸರನ್ನು ಬೇಡ ಎಂದು ಕಳಿಸಲು ಗದ್ದೆಯವರಿಗೆ ಮುಖ ಬರುತ್ತಿರಲಿಲ್ಲ. ಹೀಗೆ ತುಂಡು ಭೂಮಿ ಇಲ್ಲದ ಮನೆಗೂ ಭತ್ತ ಬರುತ್ತಿತ್ತು.

1960ರ ದಶಕದ ಕೊನೆಗೆ ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಬಂದವು. ಅವು ಒಟ್ಟಿಗೆ ಮಾಗುತ್ತವೆ, ಕಾಳೂ ಬೇಗ ಉದುರುತ್ತದೆ. ಕುಡುಗೋಲಿಗೆ ಹೇಳಿ ಮಾಡಿಸಿದಂತಿದ್ದವು. ಜೊತೆಗೆ ‘ತೆಬಾಸಾನ್’ ಹಬ್ಬಿತು: ಗದ್ದೆಯಲ್ಲಿ ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರಿಬಿಡುವುದು. ನನ್ನ ಪ್ರಕಾರ ದೊಡ್ಡ ಪೆಟ್ಟು ಕುಡುಗೋಲಲ್ಲ, ಇದು. ವ್ಯಾಪಾರಿಗೆ ಊರಿನ ಹಂಗಿಲ್ಲ. ಕುಡುಗೋಲು ಹಿಡಿದ ಚಿಕ್ಕ ತಂಡವನ್ನು, ಹೆಚ್ಚಾಗಿ ಗಂಡಸರನ್ನೇ, ಕರೆತಂದು ದುಡ್ಡು ಕೊಟ್ಟು ಕೆಲಸ ಮುಗಿಸುತ್ತಿದ್ದ. ಸುಮಾರು ಅದೇ ಹೊತ್ತಿಗೆ ಅಕ್ಕಿ ಗಿರಣಿಗಳು ಬಂದು, ಒನಕೆ ಹಿಡಿದು ಭತ್ತ ಕುಟ್ಟುವ ಹೆಂಗಸರ ಇನ್ನೊಂದು ಕೂಲಿಯೂ ಹೋಯಿತು.