ನಾಲಿಗೆಯಲ್ಲಿ ಕಣ ಕಾಣುವವರು

ಕಳೆದ ಸಂಚಿಕೆಯಲ್ಲಿ ನಮ್ಮ ಸೀಮೆಯ ಅಪರೂಪದ ಕಸುಬುಗಳ ಬಗ್ಗೆ ಬರೆದಾಗ ಕಾಫಿಯ ರುಚಿ ಪರೀಕ್ಷಕರಿಗೆ ಒಂದೇ ಸಾಲು ಸಿಕ್ಕಿತ್ತು. ಅದನ್ನು ಓದಿ ಮೂಡಿಗೆರೆ ತಾಲ್ಲೂಕಿನ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ನಾಲ್ಕು ಎಕರೆ ತೋಟ, ಹೆಚ್ಚಿನದು ರೊಬಸ್ಟ, ಮೇಲಿನ ಪಟ್ಟೆಯಲ್ಲಿ ಒಂದಿಷ್ಟು ಅರೇಬಿಕಾ. ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ, ಇದೇ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳಂತೆ. ‘ಕಾಫಿ ಕುಡಿಯುವುದಕ್ಕೂ ಸಂಬಳ ಕೊಡುತ್ತಾರೆಯೇ? ನಾವು ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಮಾರುವುದು ಓಟಿ ಲೆಕ್ಕದಲ್ಲಿ, ಅಂದರೆ ಅದರಿಂದ ಎಷ್ಟು ಬೀಜ ಬರುತ್ತದೆ ಎಂಬುದರ ಮೇಲೆ. ನಮ್ಮಂಥವರಿಗೆ ಈ ರುಚಿ ನೋಡುವವರಿಂದ ಆಗಬೇಕಾದ್ದು ಏನು?’ ಎಂಬುದು ಪತ್ರದ ಸಾರ.

ಮಾನ್ಯರೇ,

ಸಂಬಳ ಕೊಡುತ್ತಾರೆ. ಆದರೆ ಕುಡಿಯುವುದು ಕಡಿಮೆ, ಬಾಯಿಗೆ ಹೋದದ್ದರಲ್ಲಿ ಬಹುಪಾಲು ಉಗುಳುವ ಪಾತ್ರೆಗೆ ಹೋಗುತ್ತದೆ. ಕಾಫಿ ಚೆನ್ನಾಗಿದೆ ಎಂದು ಹೇಳುವುದಕ್ಕೆ ಯಾರನ್ನೂ ನೇಮಿಸಿಕೊಳ್ಳಬೇಕಿಲ್ಲ, ಬಂದ ನೆಂಟರೂ ಹೇಳುತ್ತಾರೆ. ಕೆಟ್ಟ ಕಾಫಿ ಎಲ್ಲಿ ಕೆಟ್ಟಿತು, ಗಿಡದಲ್ಲೋ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಲ್ಲೋ, ಲೋಳೆ ಬಿಡಲು ಬೀಜ ಹಾಕಿಡುವ ತೊಟ್ಟಿಯಲ್ಲೋ, ಒಣಗಿಸುವ ಕಣದಲ್ಲೋ, ಗೋದಾಮಿನಲ್ಲೋ ಎಂದು ಒಂದು ಚಮಚದಲ್ಲಿ ಪತ್ತೆ ಹಚ್ಚುವುದಕ್ಕೆ ಆ ಸಂಬಳ. ಈ ಕೆಲಸಕ್ಕೆ ಕಪ್ಪಿಂಗ್ ಎಂದು ಹೆಸರು, ಮಾಡುವವರನ್ನು ಕಪ್ಪರ್ ಎನ್ನುತ್ತಾರೆ.

ಕೆಲಸ ಶುರುವಾಗುವುದು ಹಸಿ ಬೀಜದಿಂದ. 350 ಗ್ರಾಂ ಬೀಜವನ್ನು ಕಪ್ಪು ಹಾಳೆಯ ಮೇಲೆ ಹರಡಿ ದೋಷಗಳನ್ನು ಎಣಿಸುತ್ತಾರೆ: ಕಪ್ಪು ಬೀಜ, ಹುಳಿಬಂದ ಕಂದು ಬೀಜ, ಕಾಯಿಕೊರಕ ಹುಳು ತೂತು ಮಾಡಿದ್ದು, ಪಲ್ಪರ್ ಕಚ್ಚಿದ್ದು, ಒಡಕು. ಜರಡಿಯಲ್ಲಿ ಗಾತ್ರ ನೋಡುತ್ತಾರೆ. ನಮ್ಮಲ್ಲಿ ಎಎ ದರ್ಜೆ ಎಂದರೆ 7.10 ಮಿ.ಮೀ. ಜರಡಿಯ ಮೇಲೆ ನಿಲ್ಲುವ ಬೀಜ, ಎ ಎಂದರೆ 6.65, ಬಿ ಎಂದರೆ 6. ತೇವಾಂಶವನ್ನೂ ಅಳೆಯುತ್ತಾರೆ. ಇಷ್ಟು ಯಾರಾದರೂ ಕಲಿಯಬಹುದು. ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಬೀಜ ಆರಿಸುತ್ತಿದ್ದ ಹೆಂಗಸರ ಕಣ್ಣಿಗೆ ಇದೆಲ್ಲ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಅವರ ಜಾಗಕ್ಕೆ ಈಗ ಬಹುಮಟ್ಟಿಗೆ ಬಣ್ಣ ಗುರುತಿಸುವ ಯಂತ್ರಗಳು ಬಂದಿವೆ. ಕಪ್ಪಿಂಗಿಗೆ ಮಾತ್ರ ಯಂತ್ರ ಬಂದಿಲ್ಲ.

ಮುಂದಿನದು ಹುರಿಯುವುದು. ಸಣ್ಣ ರೋಸ್ಟರಿನಲ್ಲಿ ನೂರು ಗ್ರಾಂ ಚಿಲ್ಲರೆ ಬೀಜ, 8ರಿಂದ 12 ನಿಮಿಷ, ತಿಳಿ ಕಂದು ಬಣ್ಣಕ್ಕೆ. ಫಿಲ್ಟರ್ ಕಾಫಿಗೆ ಹುರಿಯುವಷ್ಟು ಕಪ್ಪಗೆ ಹುರಿದರೆ ಸುಟ್ಟ ರುಚಿಯ ಅಡಿಯಲ್ಲಿ ದೋಷವೆಲ್ಲ ಮುಚ್ಚಿಹೋಗುತ್ತದೆ. ಅಗ್ಗದ ಕಾಫಿಯನ್ನು ಕಪ್ಪಗೆ ಹುರಿಯುವುದಕ್ಕೆ ಇದೂ ಒಂದು ಕಾರಣ. ಹುರಿದ ಬೀಜ ಕನಿಷ್ಠ 8 ಗಂಟೆ ಆರಬೇಕು, 24 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು.

ಈಗ ಮೇಜು. ಒಂದೊಂದು ಮಾದರಿಗೆ ಐದು ಬಟ್ಟಲು. ಪ್ರತಿ ಬಟ್ಟಲಿಗೆ 150 ಮಿ.ಲೀ. ನೀರಿಗೆ 8.25 ಗ್ರಾಂ ಅರೇಬಿಕಾ, ರೊಬಸ್ಟವಾದರೆ 8.75 ಗ್ರಾಂ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಐದು ಬಟ್ಟಲಿನ ಬೀಜವನ್ನು ಒಟ್ಟಿಗೆ ಪುಡಿ ಮಾಡಿ ಹಂಚಬಾರದು. ಒಂದೊಂದು ಬಟ್ಟಲಿನದನ್ನು ಇಡೀ ಬೀಜವಾಗಿಯೇ ತೂಗಿ, ಬೇರೆ ಬೇರೆಯಾಗಿ ಪುಡಿ ಮಾಡಬೇಕು. ಒಂದು ಬಟ್ಟಲಿಗೆ ಬೀಳುವುದು 60ರ ಆಸುಪಾಸು ಬೀಜ. ಅದರಲ್ಲಿ ಒಂದು ಕೊಳೆತದ್ದಿದ್ದರೆ ಆ ಬಟ್ಟಲೊಂದೇ ನಾರುತ್ತದೆ, ಉಳಿದ ನಾಲ್ಕು ಸ್ವಚ್ಛವಾಗಿರುತ್ತವೆ. ‘ಐದರಲ್ಲಿ ಒಂದು’ ಎಂಬ ಆ ಲೆಕ್ಕವೇ ಪರೀಕ್ಷೆಯ ಜೀವಾಳ. ಒಟ್ಟಿಗೆ ಪುಡಿ ಮಾಡಿದರೆ ದೋಷ ಐದಕ್ಕೂ ತೆಳುವಾಗಿ ಹರಡುತ್ತದೆ, ಕಾಫಿ ಪೂರ್ತಿ ಸಪ್ಪೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಒಂದು ಮಾದರಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಹೊಸ ಮಾದರಿಯ ಒಂದಿಷ್ಟು ಬೀಜವನ್ನು ಮೊದಲು ಗ್ರೈಂಡರಿಗೆ ಹಾಕಿ, ಆ ಪುಡಿ ಚೆಲ್ಲಬೇಕು. ಇಲ್ಲದಿದ್ದರೆ ಹಿಂದಿನವರ ಪಾಪ ಮುಂದಿನವರ ಬಟ್ಟಲಿಗೆ.

ಒಣ ಪುಡಿಯ ಪರಿಮಳವನ್ನು ಪುಡಿ ಮಾಡಿದ ಕಾಲು ಗಂಟೆಯೊಳಗೆ ಮೂಸಿ ಬರೆದುಕೊಳ್ಳುತ್ತಾರೆ. ಮೇಲೆ 93 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, ಅಂಚಿನವರೆಗೆ. ನಾಲ್ಕು ನಿಮಿಷ ಮುಟ್ಟುವಂತಿಲ್ಲ. ಪುಡಿ ಮೇಲೆದ್ದು ಕಂದು ಬಣ್ಣದ ದಪ್ಪ ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಪರೀಕ್ಷಕ ಮೂಗನ್ನು ಬಟ್ಟಲಿಗೆ ತಗಲುವಷ್ಟು ಬಾಗಿಸಿ, ಚಮಚದ ಬೆನ್ನಿನಿಂದ ಆ ಪದರವನ್ನು ಮೂರು ಸಲ ಹಿಂದಕ್ಕೆ ತಳ್ಳಿ ಒಡೆಯುತ್ತಾನೆ. ಅಷ್ಟು ಹೊತ್ತು ಅಡಿಯಲ್ಲಿ ಕಟ್ಟಿಕೊಂಡಿದ್ದ ಹಬೆ ಆ ಒಂದು ಗಳಿಗೆಯಲ್ಲಿ ಹೊರಬರುತ್ತದೆ. ಬೂಷ್ಟು, ಹುಳಿ, ಹೊಗೆ ಏನಿದ್ದರೂ ಮೊದಲು ಸಿಗುವುದು ಇಲ್ಲೇ. ಆ ಗಳಿಗೆಯ ಹಬೆ ತಪ್ಪಿಸಿಕೊಂಡರೆ ಆ ಬಟ್ಟಲಿನಲ್ಲಿ ಮತ್ತೆ ಸಿಗುವುದಿಲ್ಲ.

ಮೇಲಿನ ನೊರೆ ತೆಗೆದು, ಬಿಸಿ 70 ಡಿಗ್ರಿಯ ಹತ್ತಿರ ಇಳಿದ ಮೇಲೆ ಚಮಚದಿಂದ ಜೋರಾಗಿ ಹೀರುತ್ತಾರೆ. ಪಕ್ಕದ ಕೋಣೆಗೆ ಕೇಳಿಸುವಷ್ಟು ಸದ್ದು. ಆ ಸದ್ದು ಬೇಕು, ಕಾಫಿ ಹನಿಹನಿಯಾಗಿ ಒಡೆದು ನಾಲಿಗೆಯ ಮೇಲೆಲ್ಲ ಹರಡಿ, ಆವಿ ಗಂಟಲ ಹಿಂಬದಿಯಿಂದ ಮೂಗಿಗೆ ಏರುವುದು ಹಾಗೆ ಹೀರಿದರೆ ಮಾತ್ರ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು, ನೆಗಡಿ ಬಂದ ದಿನ ಊಟ ಸಪ್ಪೆಯಾಗುವುದು ಅದಕ್ಕೇ. ನೆಗಡಿ ಬಂದ ಪರೀಕ್ಷಕನಿಗೆ ಅಂದು ಕೆಲಸವಿಲ್ಲ. ಎಲೆ ಅಡಿಕೆ, ತಂಬಾಕು, ಅತ್ತರು, ಮಲ್ಲಿಗೆ ಹೂವು ಯಾವುದೂ ಮೇಜಿನ ಹತ್ತಿರ ಬರುವಂತಿಲ್ಲ.

ಬಿಸಿ ಇಳಿದಂತೆ ಅದೇ ಬಟ್ಟಲನ್ನು ಮತ್ತೆ ಮತ್ತೆ ಸವಿಯುತ್ತಾರೆ. ಬಿಸಿಯಲ್ಲಿ ಪರಿಮಳ, ಉಗುರುಬೆಚ್ಚಗಾಗುವಾಗ ಹುಳಿಯ ಗುಣ ಮತ್ತು ಬಾಯಿಗೆ ತಗಲುವ ದಪ್ಪ, ಪೂರಾ ಆರಿದ ಮೇಲೆ ಸಿಹಿ ಮತ್ತು ಸ್ವಚ್ಛತೆ. ಮೂಗಿಗೆ ಸಿಗದ ದೋಷ ನಾಲಿಗೆಯಿಂದ ಅಡಗಿಕೊಳ್ಳುವುದು ಬಿಸಿಯಲ್ಲಿ, ತಣ್ಣಗಾದಾಗ ಹೊರಬೀಳುತ್ತದೆ. ಬರೆದು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಒಬ್ಬರು ‘ಕಿತ್ತಳೆ’ ಎಂದರೆ ಉಳಿದವರ ನಾಲಿಗೆಯೂ ಕಿತ್ತಳೆಯನ್ನೇ ಹುಡುಕುತ್ತದೆ. ಬಹುಕಾಲ ನಡೆದುಬಂದ ನೂರು ಅಂಕದ ನಮೂನೆಯಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಪಡೆದದ್ದು ಸ್ಪೆಷಾಲ್ಟಿ, ಅಂದರೆ ಮೇಲ್ದರ್ಜೆಯ ಕಾಫಿ.

ಈಗ ನಾಲಿಗೆಯಿಂದ ತೋಟಕ್ಕೆ ಹಿಂದಿರುಗುವ ದಾರಿ. ನಿಮಗೆ ನೇರವಾಗಿ ಬೇಕಾಗಿರುವುದು ಇದೇ.

ಹೆಂಡದಂಥ ಹುಳಿ ಬಂದರೆ, ಕೊಯ್ದ ಹಣ್ಣು ಅದೇ ದಿನ ಪಲ್ಪರಿಗೆ ಹೋಗದೆ ರಾತ್ರಿಯಿಡೀ ಚೀಲದಲ್ಲೇ ಕೂತಿದೆ ಎಂದು ಅರ್ಥ. ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದರೆ ಬೆಚ್ಚಗೆ ತಗಲುತ್ತದೆಯಲ್ಲ, ಆಗಲೇ ಕೆಟ್ಟಾಗಿದೆ. ಈರುಳ್ಳಿಯಂಥ ಅಥವಾ ಚುಚ್ಚುವ ಹುಳಿಯ ವಾಸನೆಯಾದರೆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಾರೆ. ಅರೇಬಿಕಾದ ಲೋಳೆ ಬಿಡಲು 24ರಿಂದ 36 ಗಂಟೆ ಸಾಕು. ರೊಬಸ್ಟದ ಲೋಳೆ ದಪ್ಪ, 72 ಗಂಟೆಯವರೆಗೂ ಬೇಕಾಗಬಹುದು. ಗಡಿಯಾರಕ್ಕಿಂತ ಕೈಯನ್ನು ನಂಬಿ: ಒಂದು ಹಿಡಿ ತೆಗೆದು ತೊಳೆದು ಉಜ್ಜಿದರೆ ಜಾರದೆ ಸಣ್ಣ ಕಲ್ಲಿನ ಹಾಗೆ ಜರಜರ ಎನ್ನಬೇಕು. ಅಂದ ತಕ್ಷಣ ತೊಳೆಯಬೇಕು, ಮಧ್ಯಾಹ್ನದ ಊಟ ಮುಗಿಸಿ ತೊಳೆಯೋಣ ಎಂದರೆ ಆಗುವುದಿಲ್ಲ.

ಐದರಲ್ಲಿ ಒಂದೇ ಬಟ್ಟಲು ಕೊಳೆತು ನಾರಿದರೆ ಅದು ಸ್ಟಿಂಕರ್. ಪಲ್ಪರಿನ ಮೂಲೆಯಲ್ಲೋ ಕಾಲುವೆಯಲ್ಲೋ ತೊಟ್ಟಿಯ ಬಿರುಕಿನಲ್ಲೋ ನಿನ್ನೆ ಉಳಿದ ಬೀಜ ಇಂದಿನದರ ಜೊತೆ ಸೇರಿಕೊಂಡಿದೆ. ಹೊರಗಿನಿಂದ ನೋಡಿದರೆ ಎಷ್ಟೋ ಸಲ ಒಳ್ಳೆಯ ಬೀಜದ ಹಾಗೇ ಇರುತ್ತದೆ, ಕತ್ತರಿಸಿ ಮೂಸಿದರೆ ತಲೆ ತಿರುಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಪಲ್ಪರ್ ಬಿಚ್ಚಿ ನೀರು ಹೊಡೆದು ತೊಳೆಯುವುದು ಬಿಟ್ಟರೆ ಇದಕ್ಕೆ ಮದ್ದಿಲ್ಲ.

ಮಣ್ಣಿನ ರುಚಿ ಮಣ್ಣಿನ ಕಣದ್ದು. ಬೂಷ್ಟಿನ ರುಚಿ ಒಣಗಿದ್ದು ಮತ್ತೆ ನೆಂದದ್ದರದ್ದು, ಡಿಸೆಂಬರಿನ ಇಬ್ಬನಿಯಲ್ಲಿ ಮುಚ್ಚದೆ ಬಿಟ್ಟದ್ದು, ಅಕಾಲದ ಮಳೆಗೆ ಸಿಕ್ಕಿದ್ದು ಅಥವಾ ಬಿಸಿಲಿಗೆ ಕಾದ ರಾಶಿಯ ಮೇಲೆ ತಕ್ಷಣ ಟಾರ್ಪಾಲ್ ಎಳೆದು ಒಳಗೇ ಬೆವರಿದ್ದು. ರಾಶಿ ಆರುವವರೆಗೆ ಕಾಯಬೇಕು. ಬಾಯಿ ಕಟ್ಟುವ ಒಗರು ಬಂದರೆ ಕಾಯಿ ಹಣ್ಣು ಎನ್ನದೆ ಸವರಿ ಕೊಯ್ದಿದ್ದಾರೆ. ಹುರಿದ ಮೇಲೆ ಈ ಎಳೆ ಬೀಜ ಕಂದಾಗದೆ ಬಿಳಿಚಿಕೊಂಡು ನಿಲ್ಲುತ್ತದೆ, ಆರಿಸಿ ತೋರಿಸಬಹುದು. ಗೊಬ್ಬರದ ಕೋಣೆಯಲ್ಲಿ, ಡೀಸೆಲ್ ಕ್ಯಾನಿನ ಪಕ್ಕ ಇಟ್ಟ ಚೀಲ ಆ ವಾಸನೆಯನ್ನೇ ಹೀರಿಕೊಳ್ಳುತ್ತದೆ. ಒಂದು ಮಳೆಗಾಲ ಕಂಡ ಬೀಜ ಬಿಳುಪೇರಿ ಹುಲ್ಲಿನ, ಮರದ ರುಚಿಗೆ ತಿರುಗುತ್ತದೆ. ಇದೇ ಬದಲಾವಣೆಯನ್ನು ಮಂಗಳೂರಿನ ಕಡೆ ಸಮುದ್ರದ ತೇವದ ಗಾಳಿಗೆ ಒಡ್ಡಿ, ದಿನವೂ ಕೆದಕಿ, ವಾರಗಟ್ಟಲೆ ಕಾದು ಬೇಕೆಂದೇ ತರುತ್ತಾರೆ. ಅದೇ ಮಾನ್ಸೂನ್ಡ್ ಮಲಬಾರ್, ಅದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ಮೂಡಿಗೆರೆಯ ಅಟ್ಟದ ಮೇಲೆ ಮುಂಗಾರು ಕಳೆದ ಚೀಲಕ್ಕೆ ಆ ಹೆಸರು ಸಿಗುವುದಿಲ್ಲ.

ಈಗ ನಿಮ್ಮ ಓಟಿಯ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. 50 ಕೆ.ಜಿ. ಚೆರಿಯಿಂದ ಎಷ್ಟು ಕೆ.ಜಿ. ಬೀಜ ಬಂತು ಎಂಬುದೇ ಓಟಿ, 27 ಓಟಿ ಎಂದರೆ 27 ಕೆ.ಜಿ. ವ್ಯಾಪಾರಿ ತೇವ ನೋಡುತ್ತಾನೆ, ಕಪ್ಪು ಮತ್ತು ಕೊರಕದ ಬೀಜಕ್ಕೆ ಕಡಿತ ಹಾಕುತ್ತಾನೆ, ಬಟ್ಟಲಿಗೆ ಹಾಕುವುದಿಲ್ಲ. ಶ್ರದ್ಧೆಯಿಂದ ಹಣ್ಣನ್ನೇ ಕೊಯ್ದವರಿಗೂ ಸವರಿ ಕೊಯ್ದವರಿಗೂ ಓಟಿ ಸಮವಾದರೆ ಬೆಲೆಯೂ ಸಮ. ಇದಕ್ಕೊಂದು ಹಿನ್ನೆಲೆಯಿದೆ. ದಶಕಗಳ ಕಾಲ ನಮ್ಮ ಕಾಫಿಯೆಲ್ಲ ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಪೂಲ್ ಎಂಬ ಒಟ್ಟು ದಾಸ್ತಾನಿಗೆ ಹೋಗುತ್ತಿತ್ತು, ಅಲ್ಲಿ ಎಲ್ಲರ ಬೀಜವೂ ಬೆರೆಯುತ್ತಿತ್ತು. ತಾನು ಬೆಳೆದ ಕಾಫಿಯ ರುಚಿ ಏನೆಂದು ಬೆಳೆಗಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ಚೆರಿಯನ್ನು ಗೇಟಿನಲ್ಲಿ ಮಾರುವಷ್ಟು ಕಾಲ ಕಪ್ಪಿಂಗಿನಿಂದ ನಿಮಗೆ ಬೆಲೆಯಲ್ಲಿ ಲಾಭವಿಲ್ಲ. ಲಾಭ ಸಿಗುವುದು ಒಂದು ಭಾಗವನ್ನಾದರೂ ಬೇರೆಯಾಗಿ ಸಂಸ್ಕರಿಸಿ, ಬೇರೆಯಾಗಿ ಇಟ್ಟು, ರುಚಿ ನೋಡಿ ಕೊಳ್ಳುವವರಿಗೆ ತೋರಿಸಿದಾಗ. ನಿಮ್ಮ ರೊಬಸ್ಟವನ್ನೂ ಕಡೆಗಣಿಸಬೇಡಿ. ತೊಳೆದು ಒಣಗಿಸಿದ ದಪ್ಪ ರೊಬಸ್ಟಕ್ಕೆ ಕಾಪಿ ರಾಯಲ್ ಎಂಬ ಪ್ರತ್ಯೇಕ ದರ್ಜೆಯೇ ಇದೆ, ಎಸ್ಪ್ರೆಸ್ಸೊ ಮಿಶ್ರಣಕ್ಕೆ ಅದನ್ನು ಕೇಳಿ ಪಡೆಯುತ್ತಾರೆ.

ಮಗಳ ವಿಚಾರ. ಕಾಫಿ ಮಂಡಳಿಯೇ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಮೊದಲ ಭಾಗ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. 1925ರಲ್ಲಿ ಮೈಸೂರು ಸರ್ಕಾರ ಆರಂಭಿಸಿದ ಪ್ರಯೋಗ ಕೇಂದ್ರವೇ ಇಂದಿನ ಆ ಸಂಸ್ಥೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರದಂಥ ವಿಜ್ಞಾನ ವಿಷಯದಲ್ಲಿ ಪದವಿ ಬೇಕು. ಆಯ್ಕೆಗೆ ಸಂದರ್ಶನದ ಜೊತೆ ನಾಲಿಗೆ ಮೂಗಿನ ಪರೀಕ್ಷೆಯೂ ಇರುತ್ತದೆ. ಇದರ ಮೇಲೆ ಕ್ಯೂ ಗ್ರೇಡರ್ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವಿದೆ. ಅದರ ಹೊಣೆ 2025ರಲ್ಲಿ ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ನಿನ ಕೈಗೆ ಬಂದು ಪರೀಕ್ಷೆಯ ಕ್ರಮ ಬದಲಾಗಿದೆ, ಹಳೆಯ ಟಿಪ್ಪಣಿ ಓದಿ ಶುಲ್ಕ ಕಟ್ಟಬೇಡಿ. ಕೆಲಸ ಸಿಗುವುದು ಕ್ಯೂರಿಂಗ್ ವರ್ಕ್ಸ್, ರಫ್ತುದಾರರು, ಹುರಿಯುವ ಕಂಪನಿಗಳು, ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳಲ್ಲಿ. ಬರೀ ರುಚಿ ನೋಡುವ ಹುದ್ದೆ ಕಡಿಮೆ. ಖರೀದಿ, ಹುರಿಯುವುದು, ದಾಖಲೆ, ತೋಟಗಳ ತಿರುಗಾಟ ಎಲ್ಲ ಸೇರಿಯೇ ಕೆಲಸ. ಇದನ್ನು ತಿಳಿದು ಹೋದರೆ ನಿರಾಸೆಯಾಗದು.

ನಾಲಿಗೆ ಹುಟ್ಟಿನಿಂದ ಬರಬೇಕು ಎಂಬ ಮಾತನ್ನು ನಾವು ಒಪ್ಪುವುದಿಲ್ಲ, ಪಳಗಿಸಿದರೆ ಪಳಗುತ್ತದೆ. ಮಗಳು ಮನೆಯಲ್ಲೇ ಶುರು ಮಾಡಲಿ. ಮೂರು ಪಾತ್ರೆಯಲ್ಲಿ ಒಂದೊಂದು ಲೀಟರ್ ನೀರು: ಒಂದಕ್ಕೆ 10 ಗ್ರಾಂ ಸಕ್ಕರೆ, ಒಂದಕ್ಕೆ 2 ಗ್ರಾಂ ಉಪ್ಪು, ಒಂದಕ್ಕೆ ಅರ್ಧ ಗ್ರಾಂ ಸಿಟ್ರಿಕ್ ಆಸಿಡ್. ಯಾವುದು ಯಾವುದೆಂದು ನೀವು ಮರೆಮಾಡಿ ಕೊಡಿ, ಅವಳು ಹೇಳಲಿ. ತಪ್ಪಿಲ್ಲದೆ ಹೇಳಿದ ಮೇಲೆ ಪ್ರಮಾಣ ಅರ್ಧಕ್ಕೆ ಇಳಿಸಿ, ಆಮೇಲೆ ಎರಡನ್ನು ಬೆರೆಸಿ ಕೊಡಿ. ಇನ್ನೊಂದು, ತ್ರಿಕೋನ ಪರೀಕ್ಷೆ: ಮೂರು ಬಟ್ಟಲಲ್ಲಿ ಎರಡಕ್ಕೆ ಒಂದೇ ಕಾಫಿ, ಮೂರನೆಯದಕ್ಕೆ ಬೇರೆ. ಬೇರೆಯದನ್ನು ಹುಡುಕಬೇಕು. ಬರೀ ಊಹೆಯಿಂದಲೇ ಮೂರಕ್ಕೊಂದು ಸಲ ಸರಿಯಾಗುತ್ತದೆ, ಹಾಗಾಗಿ ಹತ್ತು ಸಲಕ್ಕೆ ಎಂಟಾದರೂ ಸರಿ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈ ಕೊಯ್ಲಿನಲ್ಲಿ ನಿಮ್ಮ ಅರೇಬಿಕಾದಿಂದ ಒಂದು ದಿನದ ಕೊಯ್ಲನ್ನು ಬೇರೆ ಮಾಡಿ. ಪಾರ್ಚ್‌ಮೆಂಟ್ (ತೊಳೆದ, ಹೊಟ್ಟು ತೆಗೆಯದ ಬೀಜ) ಶೇ 10ರ ತೇವಕ್ಕೆ ಒಣಗಿದ ಮೇಲೆ ಚೀಲದ ಮೇಲೆ, ನಡುವೆ, ತಳದಿಂದ ಸ್ವಲ್ಪಸ್ವಲ್ಪ ತೆಗೆದು ಒಂದು ಕೆ.ಜಿ. ಮಾದರಿ ಮಾಡಿ, ಒಗೆದ ಬಟ್ಟೆಯ ಚೀಲಕ್ಕೆ ಹಾಕಿ. ತಳಿ, ಕೊಯ್ದ ದಿನ, ಪಲ್ಪ್ ಮಾಡಿದ ಹೊತ್ತು, ತೊಟ್ಟಿಯಲ್ಲಿದ್ದ ಗಂಟೆ, ಕಣದಲ್ಲಿದ್ದ ದಿನ ಇಷ್ಟನ್ನೂ ಚೀಟಿಯಲ್ಲಿ ಬರೆದು ಒಳಗೊಂದು, ಹೊರಗೊಂದು ಇಡಿ. ಎಲ್ಲಿಗೆ ಕೊಡಬೇಕು, ಶುಲ್ಕವೆಷ್ಟು ಎಂಬುದನ್ನು ನಿಮ್ಮ ಭಾಗದ ಕಾಫಿ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ವರದಿ ಬಂದಾಗ ಅಂಕವನ್ನು ಆಮೇಲೆ ನೋಡಿ, ಮೊದಲು ಐದು ಬಟ್ಟಲಿನಲ್ಲಿ ಎಷ್ಟು ಸ್ವಚ್ಛವಾಗಿದ್ದವು ಎಂಬ ಸಾಲನ್ನು ಓದಿ, ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು.

– ಸಂಪಾದಕ