ಎಂಟು ಬಗೆಯ ಬ್ಲೇಡ್ ಹಾಕಿ ನೋಡಿದೆ, ಕತ್ತಿನ ಉರಿ ಹೋಗಿಲ್ಲ. ನನ್ನ ರೇಜರ್‌ಗೆ ಯಾವ ಬ್ಲೇಡ್ ಸರಿಹೋಗುತ್ತದೆ?

ಎಂಟು ಬಗೆಯ ಬ್ಲೇಡು, ಎರಡು ರೇಜರು, ಆದರೂ ಶೇವ್ ಆದ ಮೇಲೆ ಕತ್ತು ಉರಿಯುತ್ತದೆ ಅಂತ ಬರೆದಿದ್ದೀರಿ. ಓದುತ್ತಾ ಓದುತ್ತಾ ನನ್ನ ಕೈ ತಾನಾಗಿಯೇ ಗಂಟಲ ಕೆಳಗೆ ಹೋಯಿತು. ನಾಲ್ಕು ವರ್ಷದ ಹಿಂದೆ ನನ್ನದೂ ಇದೇ ಕಥೆ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಊರು ಪಾಂಡವಪುರದ ಪಕ್ಕ. ವಾರವಿಡೀ ಇಲ್ಲಿ, ಶನಿವಾರ ಸಂಜೆ ಊರಿಗೆ, ಸೋಮವಾರ ಬೆಳಗ್ಗೆ ಮತ್ತೆ ಮೈಸೂರು. ಈ ಓಡಾಟ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ವರ್ಷ ಮೂರು ಬ್ಲೇಡಿನ ಕಾರ್ಟ್ರಿಜ್ ಬಳಸಿದ್ದೆ. ಒಂದು ಸಲ ಊರಲ್ಲಿ ಅಟ್ಟ ಗುಡಿಸುವಾಗ ಅಪ್ಪನ ಹಳೆಯ ಶೇವಿಂಗ್ ಸೆಟ್ ಸಿಕ್ಕಿತು. ಹಿಡಿಯ ತಳ ತಿರುಗಿಸಿದರೆ ಮೇಲೆ ಎರಡು ಬಾಗಿಲು ಚಿಟ್ಟೆಯ ರೆಕ್ಕೆಯ ಹಾಗೆ ತೆರೆದುಕೊಳ್ಳುತ್ತವಲ್ಲ, ಆ ಥರದ ರೇಜರ್. ಅಪ್ಪ ಅದಕ್ಕೆ ಟೋಪಾಜ್ ಬ್ಲೇಡ್ ಹಾಕುತ್ತಿದ್ದರು. ಹಿತ್ತಲ ಕಂಬಕ್ಕೆ ಕನ್ನಡಿ ನೇತು ಹಾಕಿ, ನಾಲಿಗೆಯಿಂದ ಕೆನ್ನೆ ಉಬ್ಬಿಸಿಕೊಂಡು, ಒಂದು ಮಾತೂ ಆಡದೆ ಶೇವ್ ಮಾಡಿಕೊಳ್ಳುತ್ತಿದ್ದರು. ರೇಜರಿನೊಳಗೆ ಒಣಗಿದ ಸೋಪು ಕಲ್ಲಾಗಿತ್ತು. ಬಿಸಿನೀರಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಮೈಸೂರಲ್ಲಿ ಮನೆ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಒಂದು ಪ್ಯಾಕೆಟ್ ಬ್ಲೇಡ್ ತಂದು ಶುರು ಮಾಡಿದೆ. ಮೊದಲ ಎರಡು ವಾರ ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಬೇಕಿತ್ತು.

ಆಮೇಲೆ ರಾತ್ರಿ ಕೂತು ಓದುವುದು ಶುರುವಾಯಿತು. ಈ ಬ್ಲೇಡ್ ಹರಿತ, ಆ ಬ್ಲೇಡ್ ಮೆದು, ಈ ರೇಜರ್‌ಗೆ ಇದೇ ಜೋಡಿ ಅಂತ ಎಲ್ಲರೂ ಅಷ್ಟು ಖಚಿತವಾಗಿ ಬರೆದಿರುತ್ತಾರೆ. ಬ್ಲೇಡುಗಳ ಪ್ಯಾಕೆಟ್ ಒಂದೊಂದಾಗಿ ಬಂದವು. ಇನ್ನೆರಡು ರೇಜರ್ ಬಂದವು. ಒಂದು ನೋಟ್‌ಬುಕ್ ಇಟ್ಟೆ. ತಾರೀಕು, ರೇಜರ್, ಬ್ಲೇಡ್, ಹತ್ತಕ್ಕೆ ಎಷ್ಟು ಅಂಕ, ಎಲ್ಲ ಬರೆಯುತ್ತಿದ್ದೆ.

ನನ್ನ ತಪ್ಪು ಇಲ್ಲೇ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಯಾಕಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನಿಮ್ಮ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ನಾನು ಒಂದೇ ಸಲಕ್ಕೆ ಎರಡು ಮೂರು ಬದಲಿಸುತ್ತಿದ್ದೆ. ಹೊಸ ಬ್ಲೇಡ್ ಬಂತು ಅಂದರೆ ಹೊಸ ರೇಜರ್‌ಗೇ ಹಾಕುವುದು. ಕ್ರೀಮ್ ಮುಗಿದಿದ್ದರೆ ಅದೇ ದಿನ ಬೇರೆ ಕ್ರೀಮ್. ಉರಿ ಬಂದರೆ ಯಾರ ಮೇಲೆ ಹೊರಿಸುವುದು? ನಾನು ಯಾವಾಗಲೂ ಬ್ಲೇಡ್ ಮೇಲೆ ಹೊರಿಸಿದೆ, ಯಾಕಂದರೆ ಬದಲಿಸಲು ಸುಲಭವಾದದ್ದು ಅದೇ. ಲೆಕ್ಕ ಹಾಕಿ ನೋಡಿ. ಮೂರು ರೇಜರ್, ಎಂಟು ಬ್ಲೇಡ್ ಅಂದರೆ 24 ಜೋಡಿ. ಒಂದು ಜೋಡಿಯ ಗುಣ ತಿಳಿಯಲು ಕಡೇಪಕ್ಷ ಮೂರು ಶೇವ್ ಬೇಕು. ಅಲ್ಲಿಗೆ 72 ಶೇವ್ ಆಯಿತು. ನಾನು ಒಂದು ಜೋಡಿಗೆ ಒಂದು ಶೇವ್ ಕೊಟ್ಟು, ಐದು ಅಂಕ ಹಾಕಿ, ಬ್ಲೇಡನ್ನು ಪಕ್ಕಕ್ಕಿಡುತ್ತಿದ್ದೆ. ಅದೂ ಹಿಂದಿನ ಶೇವಿನ ಗಾಯ ಮಾಯುವ ಮೊದಲೇ. ಗಾಯದ ಮೇಲೆ ಯಾವ ಬ್ಲೇಡ್ ಇಟ್ಟರೂ ಉರಿಯುತ್ತದೆ. ಅದಕ್ಕೂ ಕೆಟ್ಟ ಅಂಕ, ಮತ್ತೆ ಹೊಸ ಪ್ಯಾಕೆಟ್. ಹೀಗೆ ಆರು ತಿಂಗಳು ಹೋಯಿತು.

ಅದರ ಬೆಲೆ ತಂಗಿಯ ಮದುವೆಯ ದಿನ ಕೊಟ್ಟೆ. ಮದುವೆಗೆ ಎರಡು ದಿನ ಇರುವಾಗ ಮೂರನೆಯ ರೇಜರ್ ಪಾರ್ಸಲ್ ಬಂದಿತ್ತು. ಬ್ಲೇಡ್ ಜಾಸ್ತಿ ಹೊರಗೆ ಚಾಚಿಕೊಂಡಿರುವ ರೇಜರ್ ಅದು. ಜೊತೆಗೆ ಬಲು ಹರಿತ ಅಂತ ಹೆಸರಾದ ಒಂದು ಬ್ಲೇಡ್. ಎರಡೂ ನನ್ನ ಕೈಗೆ ಹೊಸದು. ಹೆಸರು ಹೇಳುವುದಿಲ್ಲ, ತಪ್ಪು ಅವುಗಳದ್ದಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹಂಡೆಯ ನೀರು ತೋಡಿಕೊಂಡು ನಿಂತೆ. ನೊರೆ ಏಳಲೇ ಇಲ್ಲ, ಮೊಸರು ಒಡೆದ ಹಾಗೆ ಬ್ರಷ್ಷಿಗೆ ಅಂಟಿಕೊಂಡಿತ್ತು. ಹೊತ್ತಾಗುತ್ತಿದೆ ಅಂತ ಅದನ್ನೇ ಬಳಿದುಕೊಂಡೆ. ಮೇಲಿಂದ ಕೆಳಗೆ ಒಂದು ಸಲ, ಆಮೇಲೆ ಕತ್ತಿನ ಮೇಲೆ ಕೆಳಗಿಂದ ಮೇಲೆ ಒಂದು ಸಲ. ಮುಟ್ಟಿದರೆ ಗಾಜಿನ ಹಾಗೆ ನುಣುಪು. ಹತ್ತು ನಿಮಿಷಕ್ಕೆ ಕೆಂಡ.

ಧಾರೆಯ ಹೊತ್ತಿಗೆ ಬಿಳಿ ಶರ್ಟಿನ ಕಾಲರ್ ಒಳಗಡೆ ಸಣ್ಣ ಸಣ್ಣ ರಕ್ತದ ಚುಕ್ಕೆ, ಸೂಜಿಯಲ್ಲಿ ಚುಚ್ಚಿ ಸಾಲು ಹಾಕಿದ ಹಾಗೆ. ಅಮ್ಮ ನೋಡಿದರು. ಅಷ್ಟು ಕೆಲಸದ ನಡುವೆ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಸೆರಗಿನ ತುದಿ ತಣ್ಣೀರಲ್ಲಿ ಅದ್ದಿ ಕಾಲರ್ ಒರೆಸಿದರು. ತಾಳಿ ಕಟ್ಟುವ ಫೋಟೋದಲ್ಲಿ ನಾನು ತಂಗಿಯ ಹಿಂದೆ ಕತ್ತಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದೇನೆ. ಬೀಗರ ಊಟದ ದಿನವೂ ಇಳಿದಿರಲಿಲ್ಲ. ಬಡಿಸುವಾಗ ಬೆವರು ಇಳಿದರೆ ಕಣ್ಣಲ್ಲಿ ನೀರು. ಆ ಫೋಟೋ ನೋಡಿದರೆ ಇವತ್ತಿಗೂ ಬೇಜಾರಾಗುತ್ತದೆ.

ಮೂರು ವಾರ ಗಡ್ಡ ಮುಟ್ಟಲಿಲ್ಲ. ಆಮೇಲೆ ಊರಿನ ಕ್ಷೌರದಂಗಡಿಗೆ ಹೋದೆ. ಚಿಕ್ಕಂದಿನಿಂದ ನನ್ನ ತಲೆ ಕತ್ತರಿಸಿದವರು, ಈಗ ಅರವತ್ತು ದಾಟಿದೆ. ಗಲ್ಲ ಎತ್ತಿ ನೋಡಿದವರೇ, "ಏನಪ್ಪಾ ಇದು, ಕತ್ತ ಈ ಪಾಟಿ ಗೀರ್ಕಂಡಿದ್ದೀಯ?" ಅಂದರು. ಕತ್ತಿ ಎತ್ತಲಿಲ್ಲ. ಒಣ ಬೆರಳಿಂದ ನನ್ನ ಕತ್ತನ್ನು ಕೆಳಗೆ, ಮೇಲೆ, ಆ ಕಡೆ, ಈ ಕಡೆ ಸವರಿದರು. "ನೋಡು, ಇಲ್ಲಿ ನಿನ್ನ ಕೂದ್ಲು ಕೆಳೀಕೂ ಇಲ್ಲ, ಮೇಲ್ಕೂ ಇಲ್ಲ. ಅಡ್ಡ ಮನ್ಗವೆ. ಎಡಗಡೆ ಒಂದು ಸುಳಿನೂ ಅದೆ."

ಮೂವತ್ತಾರು ವರ್ಷ ಆಗಿತ್ತು ನನಗೆ. ನನ್ನ ಕತ್ತಿನ ಕೂದಲು ಅಡ್ಡ ಮಲಗಿದೆ ಅಂತ ಗೊತ್ತಿರಲಿಲ್ಲ.

ಅವರು ಬ್ಲೇಡನ್ನು ಕಾಗದದ ಸಮೇತ ಎರಡಾಗಿ ಮುರಿದರು, ಅರ್ಧ ಕತ್ತಿಗೆ ಸೇರಿಸಿದರು. ಅದು ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕ ಕೊಟ್ಟಿದ್ದ ಬ್ಲೇಡೇ. ಯಾವಾಗಲೂ ಇದೇನಾ ಹಾಕುವುದು ಅಂತ ಕೇಳಿದೆ. "ಸುಮಾರು ವರ್ಸದಿಂದ ಇದೇ ಕಣಪ್ಪ. ಅಂಗ್ಡಿಯೋನು ಡಬ್ಬ ತಂದ್ಕೊಡ್ತಾನೆ" ಅಂದರು. ಕಿವಿಯ ಕಡೆಯಿಂದ ಗಂಟಲ ಕಡೆಗೆ, ಅಡ್ಡಡ್ಡ, ಚಿಕ್ಕ ಚಿಕ್ಕದಾಗಿ ಎಳೆದರು. ಎಡಗೈ ಹೆಬ್ಬೆರಳು ಚರ್ಮವನ್ನು ಬಿಗಿ ಹಿಡಿದೇ ಇತ್ತು. ಒಂದು ಚೂರೂ ಉರಿಯಲಿಲ್ಲ. ಊರಿನ ಎಲ್ಲ ಮುಖಕ್ಕೂ ಅದೇ ಬಗೆಯ ಬ್ಲೇಡ್, ಅದೇ ಕತ್ತಿ. ಜೋಡಿಯೇ ಮುಖ್ಯ ಆಗಿದ್ದರೆ ಆ ಅಂಗಡಿ ನಡೆಯುತ್ತಿತ್ತಾ?

ಅವತ್ತು ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಕಡಿಮೆ ಅಂಕ ಬಿದ್ದ ತಾರೀಕುಗಳನ್ನು ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿದರೆ, ಒಂದೆರಡು ಬಿಟ್ಟು ಎಲ್ಲವೂ ಭಾನುವಾರ! ವಾರದ ದಿನ ಆಫೀಸಿನ ಗಡಿಬಿಡಿ, ಹಾಗಾಗಿ ಹೊಸ ಬ್ಲೇಡನ್ನು ಭಾನುವಾರ ಊರಲ್ಲಿ ಬಿಡುವಾಗಿ ಪರೀಕ್ಷೆ ಮಾಡುತ್ತಿದ್ದೆ. ಊರಿನದು ಬೋರ್ ನೀರು. ಬೇಳೆ ಬೇಯದ ನೀರು. ಹಂಡೆಯ ತಳದಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದಲ್ಲ, ಅದೇ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡು ಕಸ ಆಗುತ್ತದೆ, ನೊರೆ ಏಳುವುದಿಲ್ಲ. ನೊರೆ ಇಲ್ಲದಿದ್ದರೆ ಬ್ಲೇಡ್ ಜಾರುವುದಿಲ್ಲ, ಕೆರೆಯುತ್ತದೆ. ಕುವೆಂಪುನಗರದ ಮನೆಗೆ ಬರುವುದು ಕಾವೇರಿ ನೀರು, ಅದೇ ಕ್ರೀಮು ಅಲ್ಲಿ ಬೆಣ್ಣೆಯ ಹಾಗೆ ಕೂರುತ್ತದೆ. ಆರು ತಿಂಗಳು ನಾನು ಪರೀಕ್ಷೆ ಮಾಡಿದ್ದು ನೀರನ್ನು, ಅಂಕ ಕೊಟ್ಟಿದ್ದು ಬ್ಲೇಡಿಗೆ. ಒಂದೊಂದೇ ಬದಲಿಸಿದ್ದರೆ ಎರಡು ವಾರದಲ್ಲಿ ಗೊತ್ತಾಗುತ್ತಿತ್ತು.

ನೀವು ಮೈಸೂರಿನ ಹೊಸ ಬಡಾವಣೆಯಲ್ಲಿದ್ದೇನೆ ಅಂತ ಬರೆದಿದ್ದೀರಿ. ನಿಮ್ಮದು ಕಾವೇರಿ ನೀರಾ, ಬೋರ್ ನೀರಾ? ಮೊದಲು ಅದನ್ನು ನೋಡಿ. ಬೋರ್ ಆಗಿದ್ದರೆ ನೊರೆ ಮಾಡಲು ಒಂದು ಲೋಟ ಆರ್‌ಒ ಫಿಲ್ಟರ್ ನೀರು ಸಾಕು, ಮುಖ ತೊಳೆಯಲು ಯಾವುದಾದರೂ ಆಗುತ್ತದೆ. ನಾನು ಈಗಲೂ ಊರಿಗೆ ಹೋಗುವಾಗ ಒಂದು ಬಾಟಲಿ ತುಂಬಿಕೊಂಡು ಹೋಗುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಯಾವ ಬ್ಲೇಡ್ ಅಂತ ನಾನು ಹೇಳುವುದಿಲ್ಲ. ಜೋಡಿ ಅನ್ನುವುದು ಸುಳ್ಳಲ್ಲ, ಆದರೆ ರೂಪಾಯಿಯಲ್ಲಿ ಅದು ಹತ್ತು ಪೈಸೆಯಷ್ಟು. ನಾವು ಬಳಸುವ, ಎರಡೂ ಕಡೆ ಅಂಚಿರುವ ಡಬಲ್ ಎಡ್ಜ್ ಬ್ಲೇಡ್ ಎಲ್ಲವೂ ಒಂದೇ ಅಳತೆಯವು, ದಪ್ಪ 0.1 ಮಿ.ಮೀ. ಆಸುಪಾಸು. ಯಾವುದು ಬೇಕಾದರೂ ಆ ಥರದ ಯಾವ ರೇಜರ್‌ಗೂ ಕೂರುತ್ತದೆ. ರೇಜರಿನಿಂದ ರೇಜರಿಗೆ ಮುಖ್ಯವಾಗಿ ಬದಲಾಗುವುದು ಬ್ಲೇಡಿಗೂ ಕೆಳಗಿನ ತಟ್ಟೆಗೂ ನಡುವಿನ ಸಂದು, ಮತ್ತು ಬ್ಲೇಡಿನ ಅಂಚು ಎಷ್ಟು ಹೊರಗೆ ಬಂದಿದೆ ಅನ್ನುವುದು. ಅವೆರಡೂ ಕಡಿಮೆ ಇದ್ದರೆ ಮೆದು ರೇಜರ್, ಜಾಸ್ತಿ ಇದ್ದರೆ ಜೋರು. ಮರ್ಕುರ್ 34ಸಿ, ಮ್ಯೂಲೆ ಆರ್89 ಅನ್ನುವ ರೇಜರುಗಳು ಮೆದು ಅನ್ನಿಸಿಕೊಂಡಿವೆ. ಅದೇ ಮ್ಯೂಲೆಯವರ ಆರ್41 ಬಲು ಜೋರು, ಕಲಿಯುವವರ ಕೈಗಲ್ಲ. ಬ್ಲೇಡಿನಲ್ಲಿ ಜಪಾನಿನ ಫೆದರ್ ಹರಿತಕ್ಕೆ ಹೆಸರುವಾಸಿ. ಹರಿತ ಅಂದರೆ ಹೆದರಬೇಕಾಗಿಲ್ಲ, ಮೊಂಡು ಬ್ಲೇಡ್ ಅದಕ್ಕಿಂತ ಅಪಾಯ. ಕೂದಲು ಕತ್ತರಿಸದಿದ್ದಾಗ ಕೈ ತಾನಾಗಿ ಒತ್ತುತ್ತದೆ, ಒತ್ತಿದರೆ ಚರ್ಮ ಹೋಗುತ್ತದೆ. ಹಾಗಾಗಿ ಮೆದು ರೇಜರ್‌ಗೆ ಹರಿತವಾದ ಬ್ಲೇಡ್ ಚೆನ್ನಾಗಿಯೇ ಹೊಂದುತ್ತದೆ. ಜೋಡಿಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ನಿಮಗೆ ಬೇಕಾಗಿರುವುದೂ ಇಷ್ಟೇ.

ನಿಮ್ಮ ಎರಡು ರೇಜರಿನಲ್ಲಿ ಮೆದುವಾದದ್ದನ್ನು ಇಟ್ಟುಕೊಳ್ಳಿ. ಇರುವ ಎಂಟರಲ್ಲಿ ಪಕ್ಕದ ಅಂಗಡಿಯಲ್ಲಿ ಯಾವಾಗಲೂ ಸಿಗುವ ಒಂದನ್ನು ಆರಿಸಿ. ಉಳಿದ ಏಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಈಗ ಗಾಯ ಇದ್ದರೆ ಮಾಯುವ ತನಕ ಶೇವ್ ಬೇಡ, ಕೀವು ಕಾಣಿಸಿದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಎರಡು ದಿನದ ಗಡ್ಡ ಇರುವಾಗ ಒಣ ಬೆರಳಿಂದ ಕತ್ತು ಸವರಿ. ಯಾವ ಕಡೆಗೆ ನುಣುಪೋ ಅದು ಕೂದಲು ಮಲಗಿದ ದಿಕ್ಕು, ಯಾವ ಕಡೆಗೆ ಚುಚ್ಚುತ್ತದೋ ಅದು ಎದುರು. ಕಾಗದದ ಮೇಲೆ ಮುಖ ಬರೆದು ಬಾಣ ಹಾಕಿ, ಕನ್ನಡಿ ಪಕ್ಕ ಅಂಟಿಸಿ. ನನ್ನದು ಎರಡು ತಿಂಗಳು ಬಚ್ಚಲಲ್ಲಿ ಇತ್ತು. ಕತ್ತಿನ ಮೇಲೆ ಎದುರು ಎಳೆಯಬೇಡಿ, ಯಾರು ಎಷ್ಟೇ ನುಣುಪಿನ ಆಸೆ ತೋರಿಸಲಿ. ದಿಕ್ಕಿಗೆ ಒಂದು ಸಲ, ಬೇಕಿದ್ದರೆ ಅಡ್ಡಕ್ಕೆ ಇನ್ನೊಂದು ಸಲ.

ಕಾರ್ಟ್ರಿಜ್ ಬಿಟ್ಟು ಬಂದವರ ಕೈಗೆ ಒತ್ತುವ ಅಭ್ಯಾಸ ಇರುತ್ತದೆ. ಇಲ್ಲಿ ರೇಜರಿನ ಭಾರವೇ ಸಾಕು. ರೇಜರಿನ ತಲೆಯನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸಿ. ಬ್ಲೇಡ್ ಕೂದಲಿಗೆ ತಾಗುವ ಸಣ್ಣ ಸದ್ದು ಬರುತ್ತದೆ, ಅಲ್ಲೇ ನಿಲ್ಲಿಸಿ. ಆಗ ಚರ್ಮಕ್ಕೂ ಬ್ಲೇಡಿಗೂ ನಡುವಿನ ಕೋನ ಸುಮಾರು 30 ಡಿಗ್ರಿ. ಸದ್ದು ಕೇಳಬೇಕಾದರೆ ಬಚ್ಚಲಲ್ಲಿ ನಲ್ಲಿ ನಿಲ್ಲಿಸಿರಬೇಕು, ಮೊಬೈಲಿನಲ್ಲಿ ಹಾಡು ಇರಬಾರದು. ಅದಕ್ಕೂ ಮೊದಲು ಬಿಸಿನೀರಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆಯಲಿ. 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಕೂಡ ಕೆಲವು ಸಲ ಬ್ಲೇಡಿನ ಅಂಚಿನಿಂದ ಚಕ್ಕೆ ಎಬ್ಬಿಸುತ್ತದೆ ಅಂತ ಕಂಡಿತು. ಎಷ್ಟೇ ಒಳ್ಳೆ ಬ್ಲೇಡ್ ಆದರೂ ಹೀಗೆಯೇ ಹಾಳಾಗುವುದು. ನಾನು ನಾಲ್ಕು ಶೇವಿಗೆ ಬಿಡುತ್ತೇನೆ. ಟವೆಲಿನಲ್ಲಿ ಅಂಚು ಒರೆಸಬೇಡಿ, ನೀರಲ್ಲಿ ಜಾಲಾಡಿಸಿ ಕೊಡವಿದರೆ ಸಾಕು.

ಒಂದು ತಿಂಗಳು ಹೀಗೆ ಮಾಡಿಯೂ ಉರಿ ಇದ್ದರೆ, ಆಗ ಬೀರು ತೆಗೆದು ಬ್ಲೇಡ್ ಒಂದನ್ನು ಮಾತ್ರ ಬದಲಿಸಿ. ರೇಜರ್ ಮುಟ್ಟಬೇಡಿ. ನಾನು ಈಗ ಬಳಸುವುದು ಅಪ್ಪನ ಅದೇ ಚಿಟ್ಟೆ ರೇಜರ್, ಮೊದಲ ದಿನ ತಂದ ಅದೇ ಬಗೆಯ ಬ್ಲೇಡ್.

ಇನ್ನೊಂದು ಮಾತು. ಎಂಟು ಬಗೆ ನೋಡಿದ್ದೀರಿ ಅಂದರೆ ಬಳಸಿದ ಬ್ಲೇಡ್ ಸಾಕಷ್ಟು ಇರುತ್ತವೆ. ಅವನ್ನು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಬೆಳಗ್ಗೆ ಬರುವ ಪೌರಕಾರ್ಮಿಕರು ಕಸವನ್ನು ಕೈಯಲ್ಲೇ ಬೇರೆ ಮಾಡುತ್ತಾರೆ. ಒಂದು ಹಳೆ ಪೌಡರ್ ಡಬ್ಬಕ್ಕೆ ಸಣ್ಣ ಸೀಳು ಮಾಡಿ ಅದರೊಳಗೆ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಮೇಲೆ ದೊಡ್ಡದಾಗಿ "ಬ್ಲೇಡ್" ಅಂತ ಬರೆದು, ಅವರಿಗೆ ಹೇಳಿಯೇ ಕೊಡಿ.